ಟಾರ್ಚಿನೊಳಗಿನ ಒಟ್ಟೆ ಮುಕ್ಕಾಲು

ಅಟ್ಟದಲ್ಲಿ ಹಳೆ ಹಂಡೆಗಳ ಹಿಂದೆ ಕೈ ಹಾಕಿದಾಗ ತಣ್ಣಗೆ ಏನೋ ತಗುಲಿತು. ಹಾವು ಅಂತ ಗಾಬರಿಯಾಗಿ ಕೈ ಎಳೆದುಕೊಂಡೆ. ಹಾವಲ್ಲ, ಅಜ್ಜನ ಟಾರ್ಚು.

ಎರಡು ಶೆಲ್ಲಿನದು. ಹಿತ್ತಾಳೆ ತಗಡಿನ ಮೈ, ಮೇಲೆ ನಿಕ್ಕಲ್ ಲೇಪ. ಲೇಪ ಎಲ್ಲ ಕಡೆ ಒಂದೇ ಸಮ ಹೋಗಿರಲಿಲ್ಲ. ಸ್ವಿಚ್ಚಿನ ಸುತ್ತ, ಮತ್ತೆ ಅದರ ಎದುರು ಬದಿಯಲ್ಲಿ ನಾಲ್ಕು ಬೆರಳು ಕೂರುವಲ್ಲಿ ಮಾತ್ರ ಸವೆದು ಹಳದಿ ಕಾಣುತ್ತಿತ್ತು. ನನ್ನ ಕೈ ಅಲ್ಲಿಟ್ಟು ನೋಡಿದೆ. ಅಜ್ಜನ ಕೈ ನನ್ನದಕ್ಕಿಂತ ದೊಡ್ಡದಿತ್ತು.

ನಮ್ಮದು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿರುವ ಅಡಿಕೆ ತೋಟ. ನಾನು ಸಣ್ಣವನಿದ್ದಾಗ ಕತ್ತಲೆ ಅಂದರೆ ಕತ್ತಲೆಯೇ. ತೋಟಕ್ಕೆ ನೀರು ತಿರುಗಿಸಲು, ಹಂದಿ ಬಂತಾ ನೋಡಲು, ಯಕ್ಷಗಾನದ ಆಟ ಮುಗಿಸಿ ಬೆಳಗಿನ ಜಾವ ಮನೆಗೆ ಬರಲು, ಎಲ್ಲಕ್ಕೂ ಇದೊಂದೇ. ಮನೆಯಲ್ಲಿ ಇದನ್ನು ಯಾರೂ ಟಾರ್ಚ್ ಅನ್ನುತ್ತಿರಲಿಲ್ಲ. 'ಬ್ಯಾಟ್ರಿ' ಅಂತಲೇ ಹೆಸರು. ಅದರೊಳಗೆ ಹಾಕುವುದು ಶೆಲ್ಲು. ಅಜ್ಜ ನಡೆಯುವಾಗ ಹೆಬ್ಬೆರಳು ಯಾವಾಗಲೂ ಸ್ವಿಚ್ಚಿನ ಮೇಲೆ ಒತ್ತಿಕೊಂಡೇ ಇರುತ್ತಿತ್ತು, ಕೋವಿ ಹಿಡಿದವರ ಗತ್ತಿನಲ್ಲಿ. ನಾನೂ ತೆಂಗಿನ ಮಡಲಿನ ತುಂಡು ಹಿಡಿದು, ಹೆಬ್ಬೆರಳು ಒತ್ತಿ, ಅದೇ ಗತ್ತಿನಲ್ಲಿ ಅಂಗಳವಿಡೀ ತಿರುಗಿದ್ದೇನೆ.

ಹಿಂದಿನ ಮುಚ್ಚಳ ತೆಗೆಯಲು ಹೋದೆ. ಅಲುಗಲಿಲ್ಲ. ಎರಡು ದಿನ ಚಿಮಿಣಿ ಎಣ್ಣೆಯಲ್ಲಿ ನೆನೆಸಿಟ್ಟೆ. ಮೂರನೆಯ ದಿನ ತಿರುಗಿತು, ಆದರೆ ಮೂರು ಚೂರಾಗಿ ಬಂತು. ಒಳಗೆ ಶೆಲ್ಲುಗಳು ಬಾತುಕೊಂಡು, ಸುತ್ತ ಹಸಿರು ಕಿಲುಬು ಉಪ್ಪಿನ ಹಾಗೆ ಕಟ್ಟಿಕೊಂಡಿತ್ತು. ಹಳೆ ಕಾಲದ ಶೆಲ್ಲಿನ ಕಥೆಯೇ ಹಾಗೆ. ಹೊರಗಿನ ಸತುವಿನ ಡಬ್ಬಿಯೇ ಅದರ ನೆಗೆಟಿವ್ ತುದಿ. ಕರೆಂಟು ಕೊಡುತ್ತಾ ಕೊಡುತ್ತಾ ಆ ಡಬ್ಬಿ ತಾನೇ ಕರಗುತ್ತದೆ. ಕೊನೆಗೆ ತೂತಾಗಿ ಒಳಗಿನ ಹುಳಿ ರಸ ಹೊರಗೆ ಬಂದು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಇದನ್ನು ನಾನು ಎಂಟನೇ ಕ್ಲಾಸಿನವರಿಗೆ ವರ್ಷಾವರ್ಷ ಪಾಠ ಮಾಡುತ್ತೇನೆ. ಅಟ್ಟದಲ್ಲಿ ನನ್ನದೇ ಮನೆಯ ಟಾರ್ಚಿಗೆ ಅದು ಆಗುತ್ತಿತ್ತು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಮುಂದಿನ ತಲೆ ಬಿಚ್ಚಿದೆ. ಗಾಜು ಸರಿ ಇತ್ತು. ರಿಫ್ಲೆಕ್ಟರಿನ ಹಿಂದೆ ಬಲ್ಬು ಕೂರಿಸುವ ಬಳೆ ಇರಬೇಕಿತ್ತು. ಅಲ್ಲಿದ್ದದ್ದು ಬೇರೆಯೇ ಒಂದು ವಸ್ತು. ಕಪ್ಪು ಹಿಡಿದ, ನಡುವೆ ತೂತಿರುವ ಒಂದು ಬಿಲ್ಲೆ. ಹುಣಸೆಹುಳಿ ಹಾಕಿ ಉಜ್ಜಿದಾಗ ಕಿರೀಟದ ಗುರುತು ಕಂಡಿತು, ಆಮೇಲೆ 1944 ಅಂತ ಇಸವಿ.

ಒಟ್ಟೆ ಮುಕ್ಕಾಲು!

ನಮ್ಮ ಕಡೆಯ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಟ್ಟೆ ಅಂದರೆ ತೂತು. ಎರಡನೇ ಮಹಾಯುದ್ಧದ ಹೊತ್ತಿಗೆ ಲೋಹ ಉಳಿಸಲೆಂದು ಬ್ರಿಟಿಷರು 1943ರಿಂದ 1947ರ ತನಕ ಟಂಕಿಸಿದ, ನಡುವೆ ದೊಡ್ಡ ತೂತಿರುವ ಒಂದು ಪೈಸೆ ನಾಣ್ಯ ಅದು. ಕಂಚಿನದು. ಅಡ್ಡಗಲ 21 ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ಮಕ್ಕಳ ಉಡಿದಾರಕ್ಕೆ ಕಟ್ಟುತ್ತಿದ್ದರು, ಬೋಲ್ಟಿಗೆ ವಾಷರ್ ಮಾಡುತ್ತಿದ್ದರು. 1957ರಲ್ಲಿ ನಯಾಪೈಸೆ ಬಂದ ಮೇಲೆ ಅದು ನಿಧಾನಕ್ಕೆ ಬೈಗುಳದಲ್ಲಿ ಮಾತ್ರ ಉಳಿಯಿತು: "ಒಟ್ಟೆ ಮುಕ್ಕಾಲಿಗೂ ಪ್ರಯೋಜನ ಇಲ್ಲ." ಈ ಟಾರ್ಚಿನಲ್ಲಿ ಅದು ಎಷ್ಟೋ ವರ್ಷ ಬಲ್ಬು ಹೊತ್ತು ಕೂತಿತ್ತು.

ಕನ್ನಡಕ ಹಾಕಿ, ಕಿಟಕಿಯ ಹತ್ತಿರ ಹೋಗಿ ನೋಡಿದೆ. ಸುಮ್ನೆ ತುರುಕಿದ್ದಲ್ಲ. ಅಂಚನ್ನು ಸುತ್ತಲೂ ಅರದಿಂದ ತೇದು ರಿಫ್ಲೆಕ್ಟರಿನ ಕುತ್ತಿಗೆಯೊಳಗೆ ಸರಿಯಾಗಿ ಕೂರುವ ಹಾಗೆ ಮಾಡಿದ್ದರು. ಅರದ ಗೆರೆಗಳು ಓರೆಯಾಗಿ, ಎಲ್ಲವೂ ಒಂದೇ ದಿಕ್ಕಿಗೆ. ತೂತನ್ನೂ ಸ್ವಲ್ಪ ಅಗಲಿಸಿದ್ದರು, ಬಲ್ಬಿನ ಕುತ್ತಿಗೆ ಇಳಿದು ಅದರ ಅಂಚು ಮೇಲೆ ನಿಲ್ಲುವಷ್ಟು. ಒಂದು ಕಡೆ ಅರ ಜಾರಿ ಕಿರೀಟದ ಮೇಲೆ ಗೀರು ಬಿದ್ದಿದೆ. ಅಜ್ಜನೇ ಮಾಡಿದ್ದೋ, ಬೇರೆ ಯಾರ ಹತ್ತಿರ ಮಾಡಿಸಿದ್ದೋ, ಅಮ್ಮನಿಗೂ ಗೊತ್ತಿಲ್ಲ. "ಶೆಲ್ಲು ಹಾಕ್ಲಿಕ್ಕೂ ನಮ್ಮ ಕೈಗೆ ಕೊಡ್ತಿರ್ಲಿಲ್ಲ ಅವ್ರು" ಅಂದರು ಅಮ್ಮ. ಅಷ್ಟೇ.

ಆವತ್ತೇ ತೀರ್ಮಾನ ಮಾಡಿದೆ. ಈ ಟಾರ್ಚು ಮತ್ತೆ ಉರಿಯಬೇಕು. ಷೋಕೇಸಿನಲ್ಲಿ ಕೂರಲು ಅಲ್ಲ, ಸುರಂಗಕ್ಕೆ ಹೋಗಲು.

ಕಾಸರಗೋಡಿನ ಹೊರಗಿನವರಿಗೆ ಸುರಂಗ ಅಂದರೆ ರೈಲು ನೆನಪಾಗುತ್ತದೆ. ನಮಗೆ ಅದು ಬಾವಿ, ಮಲಗಿದ ಬಾವಿ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಪಿಕ್ಕಾಸು ಬೀಸಲು ಬೇಕಾದಷ್ಟೇ ಅಗಲಕ್ಕೆ ಕೊರೆಯುತ್ತಾ ಹೋಗುವುದು. ಒಳಗೆ ಒಸರುವ ನೀರು ತಾನಾಗಿಯೇ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಪಡ್ರೆ, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಇವು ಬೇಕಾದಷ್ಟಿವೆ. ನಮ್ಮದೂ ಒಂದು. ಏಪ್ರಿಲಿನಲ್ಲಿ ನೀರು ಸಣ್ಣಗಾದರೆ ಒಳಗೆ ಹೋಗಿ ಮಣ್ಣು ಕುಸಿದಿದೆಯಾ ನೋಡಬೇಕು. ಮೊಬೈಲಿನ ಬೆಳಕು ಹಿಡಿದು ಹೋಗಿ ಒಮ್ಮೆ ಮೊಬೈಲನ್ನೇ ನೀರಿಗೆ ಹಾಕಿದ್ದೇನೆ.

ಹಳೆ ಬಲ್ಬು ಹಾಕಿದರೂ ಆಗುತ್ತಿತ್ತು. 2.5 ವೋಲ್ಟು, 0.3 ಆಂಪಿಯರಿನದ್ದು. ಆದರೆ ತಂತಿ ಬಲ್ಬಿಗೆ ಕೊಟ್ಟ ಶಕ್ತಿಯಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ನನಗೆ ಎಲ್‌ಇಡಿ ಬೇಕಿತ್ತು. ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತಲ್ವಾ, ಇವತ್ತಿನ ಬಿಳಿ ಬೆಳಕು ಅದೇ ನೀಲಿಯ ಮೇಲೆ ಹಳದಿ ಬೆಳಕು ಬೀರುವ ಫಾಸ್ಫರ್ ಅನ್ನುವ ಪುಡಿ ಬಳಿದು ಮಾಡಿದ್ದು. ಹಾಗಾಗಿಯೇ ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಕಡಿಮೆ. ಅದರ ಬೆಳಕಲ್ಲಿ ತೋಟದ ಒಣಗಿದ ಸೋಗೆ, ಮಣ್ಣು, ಕೊಳಕುಮಂಡಲ ಹಾವು, ಎಲ್ಲವೂ ಒಂದೇ ಬೂದಿ ಬಣ್ಣ. ಇದು ನಮ್ಮಂಥವರಿಗೆ ಸಣ್ಣ ವಿಷಯ ಅಲ್ಲ. ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು, ಬಣ್ಣ ಸರಿಯಾಗಿ ತೋರಿಸುವ 4000 ಕೆಲ್ವಿನಿನ ಎಲ್‌ಇಡಿ ತರಿಸಿದೆ. ಜೊತೆಗೆ ಕರೆಂಟನ್ನು ಹಿಡಿತದಲ್ಲಿಡುವ 17 ಮಿಲಿಮೀಟರಿನ ಸಣ್ಣ ಸರ್ಕಿಟ್ಟು. 350 ಮಿಲಿಆಂಪಿಯರಿನ ಮೂರು ಚಿಪ್ಪು ಅದರ ಮೇಲಿದೆ, ಒಟ್ಟು ಸುಮಾರು ಒಂದು ಆಂಪಿಯರ್.

ಮೊದಲ ಪ್ರಯತ್ನ ನಾಚಿಕೆಗೇಡು. ಹಳೆ ಹಿತ್ತಾಳೆ ತಟ್ಟೆಯಿಂದ ಒಂದು ಬಿಲ್ಲೆ ಕತ್ತರಿಸಿ, ಅದರ ಮೇಲೆ ಎಲ್‌ಇಡಿ ಅಂಟಿಸಿ, ಹೊತ್ತಿಸಿದೆ. ಅಂಗಳದ ಆಚೆಯ ಹಲಸಿನ ಮರದ ತುದಿ ಕಂಡಿತು. ಹತ್ತು ನಿಮಿಷದಲ್ಲಿ ಬೆಳಕು ಮಂಕಾಯಿತು, ನೀಲಿಗೆ ತಿರುಗಿತು. ಆಮೇಲೆ ಅದು ಮೊದಲಿನ ಹಾಗೆ ಆಗಲೇ ಇಲ್ಲ. ತಂತಿ ಬಲ್ಬಿನ ಬಿಸಿ ಬೆಳಕಿನ ಜೊತೆ ಮುಂದಕ್ಕೆ ಹೋಗಿಬಿಡುತ್ತದೆ, ಎಲ್‌ಇಡಿಯ ಬಿಸಿ ಬೆನ್ನ ಹಿಂದೆ ಉಳಿಯುತ್ತದೆ. ಅದನ್ನು ಎಳೆದುಕೊಂಡು ಮೈಗೆ ದಾಟಿಸಲು ದಪ್ಪನೆಯ ಲೋಹ ಬೇಕು. ಹಿತ್ತಾಳೆ ಬಿಸಿ ದಾಟಿಸುವುದರಲ್ಲಿ ತಾಮ್ರದ ಮೂರನೇ ಒಂದು ಪಾಲೂ ಇಲ್ಲ. ಮೇಷ್ಟ್ರಿಗೆ ಇದು ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಬದಿಯಡ್ಕದ ಗುಜರಿಯಲ್ಲಿ ಒಂದಿಂಚು ದಪ್ಪದ ತಾಮ್ರದ ಸರಳಿನ ತುಂಡು ಸಿಕ್ಕಿತು. ಹಿತ್ತಾಳೆ ಸರಳೂ ಸಿಕ್ಕಿತು. ಅದರ ಮೇಲೆ ಮೈಲುತುತ್ತಿನ ನೀಲಿ ಕಲೆ, ಯಾವುದೋ ತೋಟದ ಮದ್ದಿನ ಪಂಪಿನದಿರಬೇಕು. ಎರಡನ್ನೂ ತೂಗಿ ದುಡ್ಡು ತೆಗೆದುಕೊಂಡರು. ಅಲ್ಲಿಂದ ಲೇತಿನ ಅಂಗಡಿಗೆ.

ಲೇತಿನಣ್ಣ ಗಿರಾಕಿಗಳ ಹತ್ತಿರ ಮಲಯಾಳ, ಕೆಲಸದ ಹುಡುಗನ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ಅಳತೆ ಮಾತ್ರ ಎಲ್ಲರ ಹತ್ತಿರವೂ ಇಂಗ್ಲಿಷ್. ಪಂಪಿನ ಶಾಫ್ಟು, ಜೀಪಿನ ಬುಷ್ಷು, ಅಡಿಕೆ ಸುಲಿಯುವ ಮೆಷಿನಿನ ಬಿಡಿಭಾಗ, ಇವೇ ಅವರ ದಿನದ ಕೆಲಸ. ನಾನು ಟಾರ್ಚು ಬಿಚ್ಚಿ ಮೇಜಿನ ಮೇಲೆ ಇಟ್ಟಾಗ ಒಮ್ಮೆ ನನ್ನ ಮುಖ ನೋಡಿದರು.

"ಎಂತ ಮಾಷ್ಟ್ರೇ ಇದು? ಇನ್ನೂರು ರೂಪಾಯಿಗೆ ಹೊಸತು ಸಿಗ್ತದಲ್ಲ?"

ನಾನು ಒಟ್ಟೆ ಮುಕ್ಕಾಲು ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು. ಅಂಚಿನ ಮೇಲೆ ಉಗುರು ಓಡಿಸಿದರು. ರಿಫ್ಲೆಕ್ಟರಿನ ಕುತ್ತಿಗೆಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಇದು ಲೇತ್ ಇಲ್ಲದೆ ಮಾಡಿದ್ದು" ಅಂದರು. ಆಮೇಲೆ ಹೊಸ ಟಾರ್ಚಿನ ಮಾತು ಬರಲಿಲ್ಲ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಹಿಂದಿನ ಮುಚ್ಚಳ. ತೆಳು ತಗಡಿನ ಟಾರ್ಚಿನಲ್ಲಿ ತಿರುಪಿನ ತ್ರೆಡ್ಡನ್ನು ಕೊರೆದಿರುವುದಿಲ್ಲ, ತಗಡನ್ನೇ ಒತ್ತಿ ಅಲೆ ಅಲೆಯಾಗಿ ಮಾಡಿರುತ್ತಾರೆ. ಬಲ್ಬಿನ ಹೋಲ್ಡರಿನ ತ್ರೆಡ್ ನೋಡಿ, ಹಾಗೆ. ಅಂಗಡಿಯ ಬೋಲ್ಟಿನ ಚೂಪು ಅಳತೆ ಯಾವುದೂ ಅದಕ್ಕೆ ಕೂರುವುದಿಲ್ಲ. ಹಳೆ ಮುಚ್ಚಳ ಚೂರಾಗಿದ್ದರಿಂದ ಅಳತೆ ತೆಗೆಯಲು ಮೈ ಮಾತ್ರ ಇತ್ತು. ಲೇತಿನಣ್ಣ ಒಂದು ಬಿಳಿ ಕಾಗದ ತೆಗೆದು ತ್ರೆಡ್ಡಿನ ಮೇಲೆ ಬಿಗಿಯಾಗಿ ಸುತ್ತಿದರು. ಪೆನ್ಸಿಲಿನ ಸೀಸವನ್ನು ಅಡ್ಡಕ್ಕೆ ಹಿಡಿದು ಉಜ್ಜಿದರು. ನಾವು ಸಣ್ಣದಿರುವಾಗ ನಾಣ್ಯದ ಮೇಲೆ ಕಾಗದ ಇಟ್ಟು ಚಿತ್ರ ತೆಗೆಯುತ್ತಿದ್ದೆವಲ್ಲ, ಅದೇ. ಕಾಗದದ ಮೇಲೆ ನಾಲ್ಕು ಕಪ್ಪು ಗೆರೆ ಬಂತು. ಮೊದಲಿನ ಗೆರೆಯಿಂದ ನಾಲ್ಕನೆಯದಕ್ಕೆ ವರ್ನಿಯರ್ ಹಿಡಿದರು. 7.6 ಮಿಲಿಮೀಟರ್.

"ಮೂರರಿಂದ ಭಾಗಿಸಿ ಮಾಷ್ಟ್ರೇ."

"2.53, ಹತ್ತಿರ ಹತ್ತಿರ."

"ಹಾಗಾದ್ರೆ ಇದು ಇಂಚಿನ ಲೆಕ್ಕ. ಇಂಚಿಗೆ ಹತ್ತು."

25.4ನ್ನು ಹತ್ತರಿಂದ ಭಾಗಿಸಿದರೆ 2.54. ಸರಿ. ಲೇತಿನ ಗೇರುಗಳನ್ನು ಬಿಚ್ಚಿ ಇಂಚಿನ ಲೆಕ್ಕಕ್ಕೆ ಬದಲಿಸಿದರು. ಆಮೇಲೆ ಕೊರೆಯುವ ಉಳಿಯ ಮೂತಿಯನ್ನು ಗ್ರೈಂಡರಿನಲ್ಲಿ ಉರುಟು ಮಾಡಲು ಕೂತರು. ಸ್ವಲ್ಪ ತೇಯುವುದು, ನೀರಿಗೆ ಅದ್ದುವುದು, ಟಾರ್ಚಿನ ತ್ರೆಡ್ಡಿನ ತಗ್ಗಿಗೆ ಇಟ್ಟು ಹಿಂದಿನಿಂದ ಬೆಳಕು ಸೋರುತ್ತದಾ ನೋಡುವುದು. ಇದಕ್ಕೇ ಮುಕ್ಕಾಲು ಗಂಟೆ. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ಬೈದು ಹೋದರು.

ಲೋಹ ಕೊರೆಯುವುದನ್ನು ಹತ್ತಿರದಿಂದ ನೋಡದವರು ಒಮ್ಮೆ ನೋಡಬೇಕು. ಹಿತ್ತಾಳೆ ಸುಲಭದವನು. ಉಳಿ ತಾಗಿದರೆ ಸಾಕು, ಹಳದಿ ರವೆಯ ಹಾಗೆ ಪುಡಿಪುಡಿಯಾಗಿ ಹಾರುತ್ತದೆ. ಲೇತಿಗೆಂದೇ ಬರುವ ಹಿತ್ತಾಳೆಯಲ್ಲಿ ನೂರಕ್ಕೆ ಮೂರರಷ್ಟು ಸೀಸ ಬೆರೆತಿರುತ್ತದೆ, ಚೂರು ತುಂಡಾಗುವುದು ಅದರಿಂದ. ತಾಮ್ರ ಹಾಗಲ್ಲ, ಹಲಸಿನ ಮೇಣದ ಜಾತಿ. ಉಳಿಗೆ ಅಂಟಿಕೊಳ್ಳುತ್ತದೆ, ಉದ್ದನೆಯ ರಿಬ್ಬನ್ನಾಗಿ ಸುತ್ತಿಕೊಳ್ಳುತ್ತದೆ, ಕೊರೆದ ಮೈ ಹರಿದ ಹಾಗೆ ಕಾಣುತ್ತದೆ. ಲೇತಿನಣ್ಣ ಒಂದು ಹಳೆ ಬ್ರಷ್ಷಿನಿಂದ ತೆಂಗಿನೆಣ್ಣೆ ಸವರುತ್ತಾ ನಿಧಾನಕ್ಕೆ ಕೊರೆದರು. ಅಂಗಡಿ ತುಂಬ ಹಪ್ಪಳ ಕರಿದ ಪರಿಮಳ.

ಮೊದಲ ಮುಚ್ಚಳ ಒಂದು ಸುತ್ತು ಹೋಗಿ ಸಿಕ್ಕಿಕೊಂಡಿತು. ಮೈಯ ತಗಡು ಪೂರ್ತಿ ಉರುಟಾಗಿರಲಿಲ್ಲ, ಯಾವಾಗಲೋ ಬಿದ್ದು ಒಂದು ಬದಿ ಚಪ್ಪಟೆಯಾಗಿತ್ತು. ಮೈಯನ್ನು ತಟ್ಟಿ ಸರಿ ಮಾಡಬಹುದಿತ್ತು. ಲೇತಿನಣ್ಣ ಬೇಡ ಅಂದರು, ಹಳೆ ತಗಡು ಬಿರಿಯುತ್ತದೆ. ಮುಚ್ಚಳವನ್ನೇ ಕೂದಲೆಳೆಯಷ್ಟು ಸಡಿಲ ಮಾಡಿದರು. ಈಗ ಅದು ಈ ಟಾರ್ಚಿಗೆ ಬಿಟ್ಟರೆ ಲೋಕದಲ್ಲಿ ಬೇರೆ ಯಾವುದಕ್ಕೂ ಆಗುವುದಿಲ್ಲ.

ಕೆಲಸ ಮಾಡುತ್ತಾ ನಾನು ಅವರಿಗೆ ಅಮೆರಿಕದ ಮ್ಯಾಗ್‌ಲೈಟಿನ ಕಥೆ ಹೇಳಿದೆ. 1979ರಲ್ಲಿ ಬಂದ ಗಟ್ಟಿ ಅಲ್ಯೂಮಿನಿಯಂ ಟಾರ್ಚು ಅದು. ಅದರ ಹೊಟ್ಟೆ ಬಗೆದು ಹೊಸ ಬಿಡಿಭಾಗ ಹಾಕುವ ಹುಚ್ಚರು ಅಲ್ಲಿ ತುಂಬ ಜನ. ಅದನ್ನು ಮಾಡಿದ ಟೋನಿ ಮ್ಯಾಗ್ಲಿಕಾ ಮೂಲದಲ್ಲಿ ನಿಮ್ಮ ಹಾಗೆಯೇ ಲೇತ್ ಕೆಲಸದವರು ಅಂದೆ. ಲೇತಿನಣ್ಣ ತಲೆ ಎತ್ತದೆ ಕೇಳಿದರು: "ಅವ್ರಿಗೂ ಗಿರಾಕಿಗಳು ಸಾಲ ಹೇಳ್ತಿದ್ರಾ?"

ತಾಮ್ರದ ಪೀಠ ತಯಾರಾಯಿತು. ಮೇಲೆ ಎಲ್‌ಇಡಿಯ ತಟ್ಟೆ ಕೂರುವ ಜಾಗ, ಕೆಳಗೆ ಸರ್ಕಿಟ್ಟಿಗೆ ಗುಳಿ. ಈಗ ಒಟ್ಟೆ ಮುಕ್ಕಾಲಿಗೆ ಕೆಲಸ ಇರಲಿಲ್ಲ. ಅದನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಉತ್ತರ ಹೊಳೆದದ್ದು ಕ್ಲಾಸಿನಲ್ಲಿ, ಮಕ್ಕಳು ಪರೀಕ್ಷೆ ಬರೆಯುತ್ತಿರುವಾಗ. ಎಲ್‌ಇಡಿ ತಟ್ಟೆಯನ್ನು ಪೀಠಕ್ಕೆ ಒತ್ತಿ ಹಿಡಿಯಲು ಮೇಲಿನಿಂದ ಒಂದು ಬಳೆ ಬೇಕೇ ಬೇಕು, ನಡುವಿನ ತೂತಿನಿಂದ ಎಲ್‌ಇಡಿ ಇಣುಕಬೇಕು. ಬಳೆ ಜೇಬಿನಲ್ಲೇ ಇದೆ! ಒಂದೇ ತೊಂದರೆ, ಕಂಚು ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ. ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆಯಿಂದ ಅಭ್ರಕದ ಹಾಳೆ ಬಿಡಿಸಿ, ಕತ್ತರಿಯಲ್ಲಿ ಉರುಟಾಗಿ ಕತ್ತರಿಸಿ ನಡುವೆ ಇಟ್ಟೆ.

ಗೋಡೆಗೆ ಬೆಳಕು ಬಿಟ್ಟರೆ ಉದ್ದಿನ ವಡೆಯ ಹಾಗೆ ನಡುವೆ ಕಪ್ಪು ತೂತು. ಎಲ್‌ಇಡಿ ರಿಫ್ಲೆಕ್ಟರಿನ ನಾಭಿಯಲ್ಲಿ, ಅಂದರೆ ಫೋಕಸ್ಸಿನಲ್ಲಿ ಕೂತಿರಲಿಲ್ಲ. ಕಾಗದದ ಬಿಲ್ಲೆ ಇಟ್ಟು, ತೆಗೆದು, ಇಟ್ಟು, ಕೊನೆಗೆ ಅರ್ಧ ಮಿಲಿಮೀಟರ್ ಪೀಠ ತಗ್ಗಿಸಬೇಕು ಅಂತ ಗೊತ್ತಾಯಿತು. ಮತ್ತೆ ಬದಿಯಡ್ಕದ ಬಸ್ಸು.

ಶೆಲ್ಲಿನ ವಿಷಯ ಒಂದು ತಮಾಷೆ. ಎರಡು ದೊಡ್ಡ ಶೆಲ್ಲಿನ ಉದ್ದ 123 ಮಿಲಿಮೀಟರ್. ನಾನು ಹಾಕಿದ್ದು ಒಂದೇ 18650, ಚಾರ್ಜು ಮಾಡುವ ಲಿಥಿಯಂ ಶೆಲ್ಲು. ಹೆಸರೇ ಹೇಳುವ ಹಾಗೆ 18 ಮಿಲಿಮೀಟರ್ ದಪ್ಪ, 65 ಉದ್ದ. (ಅಗ್ಗದ್ದು ತೆಗೆದುಕೊಳ್ಳಬೇಡಿ. ಪೂರ್ತಿ ಇಳಿದಾಗ ತಾನೇ ಕಡಿದುಕೊಳ್ಳುವ ರಕ್ಷಣೆ ಇರುವುದನ್ನೇ ತೆಗೆದುಕೊಳ್ಳಿ, ಬೆಂಕಿಯ ಜೊತೆ ಆಟ ಬೇಡ.) ಸುತ್ತಲಿನ ಜಾಗಕ್ಕೆ ತೋಟದ ಪಿವಿಸಿ ಪೈಪಿನ ತುಂಡು. ಉಳಿದ 58 ಮಿಲಿಮೀಟರಿಗೆ ಆ ಮದ್ದಿನ ಪಂಪಿನ ಹಿತ್ತಾಳೆ ಸರಳು. 20 ಮಿಲಿಮೀಟರ್ ದಪ್ಪಕ್ಕೆ ತಿರುಗಿಸಿದ್ದು ತೂಗಿದರೆ 155 ಗ್ರಾಂ. ಜಾಸ್ತಿ ಆಯಿತು, ಒಳಗೆ ಕೊರೆದು ಹಗುರ ಮಾಡಿಸಬೇಕು ಅಂತ ಮನೆಗೆ ತಂದೆ. ಟಾರ್ಚಿಗೆ ಹಾಕಿ ಎತ್ತಿದಾಗ ಕೈಗೆ ಏನೋ ಗುರುತು ಸಿಕ್ಕಿತು. ತಕ್ಕಡಿಯಲ್ಲಿ ಇಟ್ಟು ನೋಡಿದೆ. ಹಿತ್ತಾಳೆಯೂ ಹೊಸ ಶೆಲ್ಲೂ ಸೇರಿ 200 ಗ್ರಾಂ ಚಿಲ್ಲರೆ. ಅಂಗಡಿಯಿಂದ ಎರಡು ಹಳೆ ನಮೂನೆಯ ದೊಡ್ಡ ಶೆಲ್ಲು ತಂದು ತೂಗಿದರೆ, ಹೆಚ್ಚುಕಮ್ಮಿ ಅಷ್ಟೇ. ಕೊರೆಸಲಿಲ್ಲ.

ಸ್ವಿಚ್ಚಿಗೆ ಮಾತ್ರ ನಾನು ಕೈ ಹಾಕಲಿಲ್ಲ. ಮೈಗೆ ರಿವೆಟ್ ಹೊಡೆದು ಕೂರಿಸಿದ್ದು, ಬಿಚ್ಚಿದರೆ ತಗಡು ಹರಿಯಬಹುದು. ಮೇಜಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಏಪ್ರಿಲಿನ ಕೊನೆಯ ಭಾನುವಾರ ಸುರಂಗಕ್ಕೆ ಹೋದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮೇಣದಬತ್ತಿ. ಮೇಣದಬತ್ತಿ ಬೆಳಕಿಗಲ್ಲ. ಗಾಳಿ ಸಾಲದಿದ್ದರೆ ಅದು ಮೊದಲು ನಂದುತ್ತದೆ, ಆಗ ತಿರುಗಿ ಬರಬೇಕು. ಎಲ್‌ಇಡಿಗೆ ಗಾಳಿ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಕಾಲಡಿ ಹಿಮಡಿ ಮುಳುಗುವಷ್ಟು ತಣ್ಣನೆ ನೀರು. ಬಾವಲಿಯೊಂದು ಕಿವಿಯ ಪಕ್ಕದಲ್ಲೇ ಹಾರಿ ಹೋಯಿತು. ಟಾರ್ಚು ಹೊತ್ತಿಸಿದಾಗ ಮುರಕಲ್ಲಿನ ಗೋಡೆ ಕೆಂಪಾಗಿಯೇ ಕಂಡಿತು. ಮೊಬೈಲಿನ ಬೆಳಕಲ್ಲಿ ಇಷ್ಟು ವರ್ಷ ಅದು ಬೂದಿಯಾಗಿತ್ತು. ಎರಡೂ ಬದಿಗೆ ಪಿಕ್ಕಾಸಿನ ಏಟಿನ ಗುರುತುಗಳು, ಓರೆಯಾಗಿ, ಸಾಲಾಗಿ. ಇಪ್ಪತ್ತು ಹೆಜ್ಜೆ ಒಳಗೆ ಹೋದ ಮೇಲೆ ಬಲಗಡೆ ಒಂದು ಸಣ್ಣ ಗೂಡು ಕೊರೆದಿದ್ದರು, ದೀಪ ಇಡುವಷ್ಟು. ಮೇಲೆ ಮಸಿ. ಅದನ್ನು ನಾನು ಮೊದಲು ನೋಡಿಯೇ ಇರಲಿಲ್ಲ.

ಅಲ್ಲಿಂದ ಎರಡು ಹೆಜ್ಜೆ ಇಟ್ಟಿರಬೇಕು. ಬೆಳಕು ಮಿಣುಕಿತು. ಒಮ್ಮೆ ಹೋಯಿತು, ಬಂತು, ಮತ್ತೆ ಹೋಯಿತು. ತಾಮ್ರದ ಪೀಠ, ಸರ್ಕಿಟ್ಟು, ಬೆಸುಗೆ, ನಾನು ಮಾಡಿದ್ದೆಲ್ಲವನ್ನೂ ಮನಸ್ಸಿನಲ್ಲೇ ಬೈದೆ. ಮೇಣದಬತ್ತಿಯ ಬೆಳಕಲ್ಲಿ ತಲೆ ಬಿಗಿ ಮಾಡಿದೆ, ಮುಚ್ಚಳ ಬಿಗಿ ಮಾಡಿದೆ. ಏನೂ ಆಗಲಿಲ್ಲ. ಕೊನೆಗೆ ಸ್ವಿಚ್ಚನ್ನು ಹಿಂದೆ ಮುಂದೆ ಮಾಡಲು ಹೆಬ್ಬೆರಳು ಇಟ್ಟು ಒತ್ತಿದೆ. ಬೆಳಕು ಬಂತು. ಬೆರಳು ತೆಗೆದೆ, ಹೋಯಿತು. ಒತ್ತಿದೆ, ಬಂತು. ಒಳಗಿನ ತಗಡಿನ ಪಟ್ಟಿ ಸವೆದಿತ್ತು. ಬೆರಳಿನ ಒತ್ತಡ ಇದ್ದರೆ ಮಾತ್ರ ಅದು ಮೈಗೆ ತಾಗುತ್ತಿತ್ತು.

ಹೆಬ್ಬೆರಳು ಒತ್ತಿಕೊಂಡೇ, ಅಜ್ಜನ ಗತ್ತಿನಲ್ಲಿ, ಸುರಂಗದ ಕೊನೆಯ ತನಕ ಹೋಗಿ ಬಂದೆ.